ದೊಡ್ಡವರ ಸಭೆಯೂ ನಮ್ಮ ಕಾಫಿ ಕಣವೂ

ಮೂಡಿಗೆರೆ ಹತ್ತಿರ ನಮ್ಮದು ನಾಲ್ಕು ಎಕರೆ ತೋಟ. ಮೊನ್ನೆ ಕಣದಲ್ಲಿ ಕಾಫಿ ಹರಡುವಾಗ ಪಕ್ಕದ ತೋಟದ ಅಣ್ಣ ಕೇಳಿದರು. "ಈ ಜಿ7, ಜಿ20 ಅಂತ ಸೇರಿ ಏನ್ ಮಾತಾಡ್ತಾರೆ? ಅದ್ರಿಂದ ನಮಗೇನು?"

ಜಿ7 ಅಂದರೆ ಏಳು ಶ್ರೀಮಂತ ದೇಶಗಳ ಕೂಟ, ಜಿ20 ಅಂದರೆ ಭಾರತವೂ ಸೇರಿದ ಇನ್ನೂ ದೊಡ್ಡ ಕೂಟ. ತೈಲ, ಸಾಲ, ಸುಂಕ, ಹವಾಮಾನ. ಮಾತು ಹೆಚ್ಚಾಗಿ ಇದರ ಸುತ್ತಲೇ. 1973ರಲ್ಲಿ ತೈಲ ಬೆಲೆ ಏರಿ ಕಂಗಾಲಾದ ಮೇಲೆ, 1975ರಲ್ಲಿ ಆರು ದೇಶಗಳ ನಾಯಕರು ಫ್ರಾನ್ಸಿನ ರಾಂಬುಯೆಯಲ್ಲಿ ಕೂತರು. ಮರುವರ್ಷ ಕೆನಡಾ ಸೇರಿ ಏಳಾಯಿತು, ಜಿ7 ಹುಟ್ಟಿದ್ದು ಹಾಗೆ. 2008ರಲ್ಲಿ ಬ್ಯಾಂಕುಗಳು ಬಿದ್ದಾಗ ಜಿ20 ನಾಯಕರು ವಾಷಿಂಗ್ಟನ್‌ನಲ್ಲಿ ಸೇರಿದರು.

ಆದರೆ ಅಣ್ಣನಿಗೆ ನಾನು ಹೇಳಿದ್ದು ಕಾಫಿಯ ಕಥೆ. 1962ರಲ್ಲಿ ಕಾಫಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಒಂದು ಒಪ್ಪಂದಕ್ಕೆ ಬಂದವು. ಯಾರು ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಇತ್ತು. ಬೆಲೆ ತೀರಾ ಬೀಳದ ಹಾಗೆ ಅದು ಹಿಡಿದಿತ್ತು. ಆಮೇಲೆ ದೇಶಗಳ ನಡುವೆ ಒಮ್ಮತ ಮುರಿಯಿತು. 1989ರ ಜುಲೈನಲ್ಲಿ ಕೋಟಾ ನಿಂತಿತು, ಜಗತ್ತಿನ ಕಾಫಿ ಬೆಲೆ ಕುಸಿಯಿತು. ದೂರದ ಸಭೆಯಲ್ಲಿ ಮಾತು ಮುರಿದರೆ ಪೆಟ್ಟು ಬೀಳುವುದು ಬೆಳೆಗಾರನಿಗೆ. ಸಭೆಯಲ್ಲಿ ಕೂತವರಿಗಲ್ಲ.

ಈಗಲೂ ಅಷ್ಟೇ. ಅರೇಬಿಕಾ ಕಾಫಿಯ ಬೆಲೆಗೆ ನ್ಯೂಯಾರ್ಕ್ ಮಾರುಕಟ್ಟೆ ನೋಡಬೇಕು, ರೋಬಸ್ಟಾ ಕಾಫಿಗೆ ಲಂಡನ್ ಮಾರುಕಟ್ಟೆ. ಯುರೋಪಿನ 2023ರ ಕಾನೂನು ಇನ್ನೊಂದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅವರಿಗೆ ಬೇಡ. ತೋಟ ಎಲ್ಲಿದೆ ಅಂತ ನಕ್ಷೆಯ ಗುರುತು ಕೊಡಬೇಕು. ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾವು ನೆರಳಿನ ಮರದ ಕೆಳಗೇ ಬೆಳೆಯುವವರು. ಆದರೆ ಆ ದಾಖಲೆಯ ಖರ್ಚು ಯಾರದು? ನಾಲ್ಕು ಎಕರೆಯವನೇ ಹೊರಬೇಕಾ? ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಭರವಸೆಯೂ ಇದೆ. 2023ರ ದೆಹಲಿ ಸಭೆಯಲ್ಲಿ ಆಫ್ರಿಕಾ ಒಕ್ಕೂಟ ಜಿ20 ಸೇರಿತು. ಇಥಿಯೋಪಿಯಾ, ಉಗಾಂಡಾ ಎಲ್ಲ ಅದರಲ್ಲಿವೆ, ನಮ್ಮ ಹಾಗೇ ಕಾಫಿ ಬೆಳೆಯುವವರು. ಬ್ರೆಜಿಲ್, ಇಂಡೋನೇಷ್ಯಾ ಮೊದಲಿಂದಲೂ ಇವೆ. 2024ರಲ್ಲಿ ಇಟಲಿಯಲ್ಲಿ ನಡೆದ ಜಿ7 ಹೇಳಿಕೆಯಲ್ಲೂ ಕಾಫಿಯ ಮಾತು ಬಂತು. ಹಾಗಾದರೆ ಬೆಳೆಯುವ ದೇಶಗಳೆಲ್ಲ ಸೇರಿ ಒಂದೇ ದನಿಯಲ್ಲಿ ಕೇಳಬಹುದಲ್ವಾ? ಸಣ್ಣ ಬೆಳೆಗಾರನ ದಾಖಲೆ ಖರ್ಚನ್ನು ಕೊಳ್ಳುವವರೂ ಹಂಚಿಕೊಳ್ಳಲಿ ಅಂತ?

ನಮ್ಮ ಸಂಸದರಿಗೂ ವಾಣಿಜ್ಯ ಸಚಿವರಿಗೂ ಇದನ್ನೇ ಬರೆದು ಕಳಿಸುತ್ತಿದ್ದೇನೆ. ಸಕಲೇಶಪುರ, ಬೇಲೂರು, ಕೊಪ್ಪದ ಕಡೆಯ ಬೆಳೆಗಾರರು ಯಾರಾದರೂ ಸಹಿ ಹಾಕುವುದಿದ್ದರೆ ಕೆಳಗೆ ತಿಳಿಸಿ. ಅಣ್ಣ ಆಗಲೇ ಹಾಕಿದ್ದಾರೆ.