ಲೆಫ್ಟ್ ಬ್ಯಾಕ್‌ಗೆ ಗುರುಬಲ ಇದೆಯೇ?

"ಹುಡುಗರಿಗೆ ಕಮಿಟ್‌ಮೆಂಟ್ ಇಲ್ಲ ಗುರು. ಅಷ್ಟೇ ಸಮಸ್ಯೆ."

2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು 1-0ಯಿಂದ ಸೋಲಿಸಿತಲ್ಲ, ಅಂದಿನಿಂದ ಭಾರತೀಯ ಫುಟ್‌ಬಾಲ್‌ನ ಸಕಲ ರೋಗಕ್ಕೂ ಅಭಿಮಾನಿಗಳು ಬರೆದುಕೊಡುತ್ತಿರುವ ಚೀಟಿ ಇದು. ಆ ತಂಡಕ್ಕೆ ನಾವು ಸೋತು 22 ವರ್ಷವಾಗಿತ್ತು. ನಮ್ಮ ಶ್ರೇಯಾಂಕ 136, ಅವರದು 183. ಮೊರ್ಸಾಲಿನ್ ಗೋಲು ಹೊಡೆದದ್ದು ಮೊದಲ ಕಾಲು ಗಂಟೆಯೊಳಗೇ. ಸರಿಮಾಡಿಕೊಳ್ಳಲು ನಮಗೆ ಇನ್ನೂ ಮುಕ್ಕಾಲು ಪಂದ್ಯ ಬಾಕಿಯಿತ್ತು. ಆಗಲಿಲ್ಲ. ಯಾಕಾಗಲಿಲ್ಲ? ಡಿಫೆಂಡರ್ ಜಾರಿದರೆ ಕಮಿಟ್‌ಮೆಂಟ್ ಇಲ್ಲ. ಸ್ಟ್ರೈಕರ್ ಹೊರಗೆ ಹೊಡೆದರೆ ಕಮಿಟ್‌ಮೆಂಟ್ ಇಲ್ಲ. ಸೋತ ಮೇಲೆ ಕ್ಯಾಮೆರಾ ಮುಂದೆ ಕಣ್ಣೀರು ಹಾಕದಿದ್ದರೆ ಇಲ್ಲವೇ ಇಲ್ಲ.

ಕಮಿಟ್‌ಮೆಂಟ್ ಅಳೆಯುವ ವಿಧಾನ ಬಲು ಸುಲಭ. ಜರ್ಸಿಗೆ ಎಷ್ಟು ಮಣ್ಣು ಮೆತ್ತಿಕೊಂಡಿದೆ ಅಂತ ನೋಡುವುದು. ಸೋಪಿನ ಪುಡಿಯ ಜಾಹೀರಾತಿನವರು ಹೇಳಿಕೊಟ್ಟ ವಿದ್ಯೆ. ನೆಲಕ್ಕೆ ಬಿದ್ದು ಜಾರಿ ಚೆಂಡು ಒದ್ದವನು ಹುಲಿ. ಆದರೆ ಯಾವ ಕೋಚನ್ನು ಕೇಳಿದರೂ ಹೇಳುತ್ತಾನೆ: ಡಿಫೆಂಡರ್ ಹಾಗೆ ಬೀಳಬೇಕಾಗಿ ಬಂದರೆ, ಬಹುಮಟ್ಟಿಗೆ ಅವನು ಎರಡು ಸೆಕೆಂಡು ಮುಂಚೆ ಎರಡು ಹೆಜ್ಜೆ ಆಚೆ ನಿಂತಿದ್ದ ಎಂದೇ ಅರ್ಥ. ಸರಿಯಾದ ಜಾಗದಲ್ಲಿ ನಿಂತು, ಎದುರಾಳಿ ಪಾಸ್ ಕೊಡುವ ಯೋಚನೆಯನ್ನೇ ಕೈಬಿಡುವಂತೆ ಮಾಡಿದವನ ಜರ್ಸಿ ಇಸ್ತ್ರಿ ಹಾಕಿದ ಹಾಗೆಯೇ ಇರುತ್ತದೆ. ಅಂಥವನಿಗೆ ನಮ್ಮ ಗ್ಯಾಲರಿಯಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ.

ಆಮೇಲೆ ಶುರುವಾಗುತ್ತದೆ ತಂಡದ ಆಯ್ಕೆಯ ಜಗಳ. ಇವನನ್ನು ಯಾಕೆ ಬಿಟ್ಟರು, ಅವನನ್ನು ಯಾಕೆ ಹಾಕಿದರು, ಗೋವಾದ ಲಾಬಿ, ಕೋಲ್ಕತ್ತದ ಲಾಬಿ. ಈ ಜಗಳಕ್ಕೆಲ್ಲ ಒಂದೇ ಏಟಿಗೆ ತೆರೆ ಎಳೆಯುವ ಉಪಾಯವನ್ನು ನಮ್ಮ ಹಿರಿಯರು 2022ರಲ್ಲೇ ಕಂಡುಕೊಂಡಿದ್ದರು ಎಂಬುದನ್ನು ಅಭಿಮಾನಿಗಳು ಎಷ್ಟು ಬೇಗ ಮರೆತರು! ಏಷ್ಯನ್ ಕಪ್ ಅರ್ಹತಾ ಪಂದ್ಯಗಳು ಕೋಲ್ಕತ್ತದಲ್ಲಿ ನಡೆಯುತ್ತಿದ್ದವು. ಜೂನ್ 11ಕ್ಕೆ ಅಫ್ಘಾನಿಸ್ತಾನದ ಎದುರು ಪಂದ್ಯ. ಎರಡು ದಿನ ಮುಂಚೆ ಕೋಚ್ ಇಗೋರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿದರು ಎಂದು ಮರುವರ್ಷ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ವರದಿ ಮಾಡಿತು. ಒಬ್ಬೊಬ್ಬರ ಹೆಸರಿನ ಮುಂದೂ ಫಲ ಬರೆದು ಬಂತಂತೆ. ಇವನಿಗೆ ದಿನ ಚೆನ್ನಾಗಿದೆ, ಇವನು ಅತಿಯಾದ ಆತ್ಮವಿಶ್ವಾಸ ಬಿಡಬೇಕು, ಇವನನ್ನು ಆಡಿಸುವುದು ಬೇಡ. ಗ್ರಹಗಳು ಒಲ್ಲೆ ಎಂದ ಇಬ್ಬರು ಕಣಕ್ಕಿಳಿದ ಹನ್ನೊಂದರಲ್ಲಿ ಇರಲಿಲ್ಲ.

ಎಂಥ ದೂರದೃಷ್ಟಿ! ಯುರೋಪಿನ ಕ್ಲಬ್ಬುಗಳು ಆಟಗಾರನಿಗೆ ಜಿಪಿಎಸ್ ಅಂಗಿ ತೊಡಿಸಿ, ಎಷ್ಟು ಕಿಲೋಮೀಟರ್ ಓಡಿದ, ಎಷ್ಟು ಸಲ ವೇಗ ಹೆಚ್ಚಿಸಿದ ಎಂದು ಲೆಕ್ಕ ಹಾಕುತ್ತಾ ಇನ್ನೂ ಉಪಗ್ರಹದಲ್ಲೇ ತಡಕಾಡುತ್ತಿವೆ. ನಾವು ನೇರ ಗ್ರಹಕ್ಕೇ ಕೈಹಾಕಿದೆವು. ಫಲಿತಾಂಶವೂ ಬಂತಲ್ಲ, ಪಂದ್ಯ 2-1. ಕೊನೆಯ ಐದು ನಿಮಿಷದ ಹೊಸ್ತಿಲಲ್ಲಿ ಸುನಿಲ್ ಚೆಟ್ರಿಯವರ ಫ್ರೀ ಕಿಕ್, ಬೆನ್ನಿಗೇ ಅಫ್ಘನ್ನರ ಸಮಬಲದ ಗೋಲು, ಹೆಚ್ಚುವರಿ ನಿಮಿಷಗಳಲ್ಲಿ ಸಹಲ್ ಅಬ್ದುಲ್ ಸಮದ್ ಹೊಡೆದ ಗೆಲುವಿನ ಗೋಲು. ಸಹಲ್ ಬದಲಿ ಆಟಗಾರನಾಗಿ ಇಳಿದವನು. ಬೆಂಚಿನ ಮೇಲೆ ಕೂತವನ ದಶಾಭುಕ್ತಿಯನ್ನು ಯಾರು ನೋಡಿದ್ದರೋ ಕಾಣೆ.

ಆ ಪದ್ಧತಿಯನ್ನು ಬಿಟ್ಟದ್ದೇ ತಪ್ಪಾಯಿತು. 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನ ಮೊದಲ ಐದು ಪಂದ್ಯಗಳ ದಿನಾಂಕ ತೆಗೆದು ಪಂಚಾಂಗದ ಪಕ್ಕ ಇಟ್ಟು ನೋಡಿ. 2025ರ ಮಾರ್ಚ್ 25, ಶಿಲ್ಲಾಂಗ್, ಬಾಂಗ್ಲಾದೇಶದ ಜೊತೆ 0-0: ಮಂಗಳವಾರ. ಜೂನ್ 10, ಹಾಂಗ್‌ಕಾಂಗ್‌ಗೆ ಕೊನೇ ಗಳಿಗೆಯ ಪೆನಾಲ್ಟಿಯಲ್ಲಿ ಸೋಲು: ಮಂಗಳವಾರ. ಅಕ್ಟೋಬರ್ 14, ಮಡಗಾಂವ್, ಸಿಂಗಪುರಕ್ಕೆ 1-2ರಿಂದ ಶರಣು: ಮಂಗಳವಾರ. ಢಾಕಾ: ಮಂಗಳವಾರ. ಊರಿನ ಕ್ಷೌರದಂಗಡಿಗಳೇ ಬಾಗಿಲು ಹಾಕುವ ದಿನ ನಮ್ಮ ತಂಡ ಮಾತ್ರ ಹೋಗಿ ತಲೆ ಕೊಟ್ಟು ಬಂತು. ಉಳಿದ ಒಂದೇ ಒಂದು ಪಂದ್ಯ, ಅಕ್ಟೋಬರ್ 9ರದು, ಸಿಂಗಪುರದಲ್ಲಿ. ಸಂದೇಶ್ ಝಿಂಗನ್ ಕೆಂಪು ಕಾರ್ಡ್ ಕಂಡು ಹೊರಹೋದ ಮೇಲೆ ಹತ್ತೇ ಜನ ಅರ್ಧ ಪಂದ್ಯ ಆಡಿ, 90ನೇ ನಿಮಿಷದಲ್ಲಿ ರಹೀಮ್ ಅಲಿ ಗೋಲು ಹೊಡೆದು 1-1 ಮಾಡಿಕೊಂಡು ಬಂದರು. ಅಂದು ಗುರುವಾರ. ಗುರುಬಲಕ್ಕೆ ಇನ್ನೇನು ಸಾಕ್ಷಿ ಬೇಕು?

(ಫಿಫಾದ ಅಂತರರಾಷ್ಟ್ರೀಯ ಪಂದ್ಯಗಳ ಕಿಟಕಿ ಸೋಮವಾರ ತೆರೆದು ಮುಂದಿನ ವಾರದ ಮಂಗಳವಾರ ಮುಚ್ಚುತ್ತದೆ, ಹೀಗಾಗಿ ಕೊನೆಯ ಪಂದ್ಯ ಪ್ರಪಂಚದ ಬಹುತೇಕ ತಂಡಗಳಿಗೂ ಮಂಗಳವಾರವೇ ಬೀಳುತ್ತದೆ ಎಂಬ ನೀರಸ ಕಾರಣವೊಂದಿದೆ. ಅದು ಕುಜನಿಗೆ ಗೊತ್ತಿಲ್ಲ.)

ಜ್ಯೋತಿಷಿಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಜಾತಕ ಬರೆಯಲು ಹುಟ್ಟಿದ ದಿನ ಬೇಕು. ನಮ್ಮ ಜೂನಿಯರ್ ಫುಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಅನುಮಾನದ ವಸ್ತು ಅದೇ. 15ರೊಳಗಿನವರ ಟೂರ್ನಿಗೆ ಬೆಳಿಗ್ಗೆ ಗಡ್ಡ ಹೆರೆದುಕೊಂಡು ಬರುವ ಬಾಲಕರಿದ್ದಾರೆ. ಜನನ ಪತ್ರವನ್ನು ನಂಬುವಂತಿಲ್ಲ ಎಂದು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು, ಒಂದೊಂದು ಮೂಳೆ ಎಷ್ಟು ಬೆಳೆದಿದೆ ಎಂದು ಅಂಕ ಹಾಕಿ ವಯಸ್ಸು ಅಂದಾಜು ಮಾಡುತ್ತಾರೆ. ಫಿಫಾ ತನ್ನ 17ರೊಳಗಿನವರ ವಿಶ್ವಕಪ್‌ಗೆ ಮಣಿಕಟ್ಟಿನ ಎಂಆರ್‌ಐ ಮಾಡಿಸುತ್ತದೆ. ರೇಡಿಯಸ್ ಮೂಳೆಯ ತುದಿ ಪೂರ್ತಿ ಬೆಸೆದುಕೊಂಡಿದ್ದರೆ ಹುಡುಗ ಮನೆಗೆ. ಅಂದರೆ ಕೈ ನೋಡಿ ಭವಿಷ್ಯ ಹೇಳುವುದು ನಮ್ಮಲ್ಲಷ್ಟೇ ಅಲ್ಲ, ಫಿಫಾದ ಕಚೇರಿ ಇರುವ ಜ್ಯೂರಿಕ್‌ನಲ್ಲೂ ಇದೆ. ಆದರೆ ಬೇಗ ಬಲಿತ ಪ್ರಾಮಾಣಿಕ ಹುಡುಗ ಇದರಲ್ಲಿ ಸಿಕ್ಕಿಬೀಳುವುದೂ ಉಂಟು, ಮೂಳೆ ನಿಧಾನವಾಗಿ ಬಲಿಯುವ ದೊಡ್ಡವನು ನುಸುಳುವುದೂ ಉಂಟು.

ನುಸುಳಿದವನಿಂದ ಆಗುವ ಹಾನಿ ಒಂದು ಟ್ರೋಫಿಯದಷ್ಟೇ ಅಲ್ಲ. ಹದಿನೇಳರವನು ಹದಿನಾಲ್ಕರವರ ನಡುವೆ ಭುಜದಿಂದ ತಳ್ಳಿ ಗೆಲ್ಲುತ್ತಾನೆ, ಹಾಗಾಗಿ ಚೆಂಡು ತಡೆಯುವುದನ್ನು ಕಲಿಯುವ ಗೋಜಿಗೆ ಹೋಗುವುದಿಲ್ಲ. ಅವನ ಪಕ್ಕದ ಸಣ್ಣ ಹುಡುಗ, ಕಾಲಲ್ಲಿ ನಿಜವಾಗಿ ಏನೋ ಇದ್ದವನು, "ಮೈಯಲ್ಲಿ ಶಕ್ತಿ ಇಲ್ಲ" ಎಂದು ಬೆಂಚಿಗೆ ಬಿದ್ದು, ಎಸ್ಸೆಸ್ಸೆಲ್ಸಿ ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತಾನೆ.

"ಸ್ಕಿಲ್ ಎಲ್ಲಿದೆ ಗುರು? ಬರೀ ಬ್ಯಾಕ್ ಪಾಸ್." ಸರಿ. ಬ್ಯಾಕ್ ಪಾಸ್ ಯಾಕೆ? ಚೆಂಡು ಬರುವ ಮುಂಚೆ ಮಿಡ್‌ಫೀಲ್ಡರ್ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡಿಕೊಂಡಿರಬೇಕು. ಮೈ ಅರ್ಧ ತಿರುಗಿರಬೇಕು. ಚೆಂಡನ್ನು ತನಗೆ ಹತ್ತಿರದ ಕಾಲು ಬಿಟ್ಟು ದೂರದ ಕಾಲಲ್ಲಿ ತಡೆಯಬೇಕು. ಇಷ್ಟಾದರೆ ಮೊದಲ ಸ್ಪರ್ಶದಲ್ಲೇ ಮುಂದಕ್ಕೆ ತಿರುಗುತ್ತಾನೆ. ಮೈ ನೇರ ನಿಂತು ಹತ್ತಿರದ ಕಾಲಲ್ಲೇ ತಡೆದವನಿಗೆ ಕಾಣುವುದು ಪಾಸ್ ಕೊಟ್ಟವನ ಮುಖ ಮಾತ್ರ, ಅವನಿಗೇ ವಾಪಸ್ ಕೊಡುತ್ತಾನೆ, ಪಾಪ. ಇದನ್ನು ಹತ್ತು ಹನ್ನೆರಡರ ವಯಸ್ಸಿನಲ್ಲಿ ಕಲಿಯಬೇಕು, ಅದಕ್ಕೆ ಸಮತಟ್ಟಾದ ನೆಲ ಬೇಕು. ಶಾಮಿಯಾನದ ಗೂಟ ಕಿತ್ತ ಗುಂಡಿ, ಎಕ್ಸಿಬಿಷನ್ ಬಿಟ್ಟುಹೋದ ಜಲ್ಲಿ, ರಾಜಕೀಯ ಸಭೆಗೆ ಬಂದ ಬಸ್ಸುಗಳ ಚಕ್ರದ ಗುರುತು ಇರುವ ಮೈದಾನದಲ್ಲಿ ಚೆಂಡು ಯಾವ ಕಡೆ ನೆಗೆಯುತ್ತದೋ ಬ್ರಹ್ಮನಿಗೂ ತಿಳಿಯದು. ಅಲ್ಲಿ ತಲೆ ಎತ್ತಿ ಸುತ್ತ ನೋಡಿದವನಿಗೆ ಚೆಂಡು ಸಿಗುವುದಿಲ್ಲ. ಹಾಗಾಗಿ ನಮ್ಮ ಹುಡುಗ ತಲೆ ತಗ್ಗಿಸಿ ಆಡುವುದನ್ನು ಕಲಿಯುತ್ತಾನೆ, ಚೆನ್ನಾಗಿಯೇ ಕಲಿಯುತ್ತಾನೆ.

ಸ್ಟ್ರೈಕರ್ ಇಲ್ಲ ಎಂಬುದು ಇನ್ನೊಂದು ಗೋಳು. ದೇಶದ ಅಗ್ರ ಲೀಗ್ ಐಎಸ್‌ಎಲ್‌ನಲ್ಲಿ ಒಂದು ಕ್ಲಬ್ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಕಣಕ್ಕಿಳಿಸಬಹುದು. ಕೋಟಿ ಕೊಟ್ಟು ತಂದವನನ್ನು ಯಾರಾದರೂ ಎಡಬದಿ ಕಾಯುವ ಲೆಫ್ಟ್ ಬ್ಯಾಕ್ ಆಗಿ ಆಡಿಸುತ್ತಾರೆಯೇ? ಒಬ್ಬ ಸೆಂಟರ್ ಬ್ಯಾಕ್, ಒಬ್ಬ ಮಿಡ್‌ಫೀಲ್ಡಿನ ಮೇಸ್ತ್ರಿ, ಉಳಿದವರು ಗೋಲು ಹೊಡೆಯಲು. ನಮ್ಮವರಿಗೆ ಉಳಿಯುವುದು ಎರಡು ಬದಿ. ಅದಕ್ಕೇ ನಮ್ಮಲ್ಲಿ ವಿಂಗರ್‌ಗಳು ಸಾಲುಗಟ್ಟಿದ್ದಾರೆ, ಸ್ಟ್ರೈಕರ್ ತೊಡುವ ಒಂಬತ್ತನೇ ನಂಬರ್ ಅಂಗಿಗೆ ಮೈ ಸಿಗುತ್ತಿಲ್ಲ. 2024-25ರ ಸೀಸನ್ನಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದವರು ಬೆಂಗಳೂರು ಎಫ್‌ಸಿಯ ಚೆಟ್ರಿ. ವಯಸ್ಸು 40. ರಾಷ್ಟ್ರೀಯ ತಂಡದಿಂದ 2024ರ ಜೂನ್‌ನಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾದವರನ್ನು ಮರುವರ್ಷ ಮಾರ್ಚ್‌ನಲ್ಲಿ ವಾಪಸ್ ಕರೆದು ತಂದರು. ಆಗ ಅಭಿಮಾನಿಗಳು ಕೇಳಿದ ಪ್ರಶ್ನೆ: "ಇವರಿಗೆ ಇನ್ನೂ ಯಾಕೆ ಆಸೆ?"

ಕೋಚ್ ಹುಡುಕಾಟದ ಕತೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ, ಎಲ್ಲರಿಗೂ ಬಾಯಿಪಾಠ. ಬಾರ್ಸಿಲೋನಾದ ಮಾಜಿ ಆಟಗಾರ, ಮಾಜಿ ಕೋಚ್ ಷಾವಿ ನಮ್ಮ ತಂಡದ ಕೋಚ್ ಹುದ್ದೆಗೆ ಅರ್ಜಿ ಹಾಕಿದ್ದಾರೆ, ಆದರೆ ದುಬಾರಿ ಎಂದು ಕೈಬಿಟ್ಟರು ಅಂತ 2025ರ ಜುಲೈನಲ್ಲಿ ಸುದ್ದಿಯಾಯಿತು. ಮರುದಿನ ನೋಡಿದರೆ ಆ ಇಮೇಲ್ ಕಳಿಸಿದ್ದು ತಾನೇ ಎಂದು ಒಬ್ಬ ಕಾಲೇಜು ಹುಡುಗ ಹೇಳಿಕೊಂಡ. ಷಾವಿ ಮತ್ತು ಇನ್ನೊಬ್ಬ ಹೆಸರಾಂತ ಕೋಚ್ ಗಾರ್ಡಿಯೋಲಾ, ಇಬ್ಬರ ಹೆಸರಲ್ಲಿ ಬಂದ ಅರ್ಜಿಗಳೂ ಅಸಲಿಯಲ್ಲ ಎಂದು ಭಾರತದ ಫುಟ್‌ಬಾಲ್ ಫೆಡರೇಷನ್ ಒಪ್ಪಿಕೊಂಡಿತು. ಆ ಹುಡುಗನಿಗೆ ದುಬಾರಿ ಸಂಬಳ ಬೇಕಿತ್ತೋ ಇಲ್ಲವೋ, ಯಾರೂ ವಿಚಾರಿಸಲಿಲ್ಲ.

ನಗಬಹುದು. ಇಷ್ಟು ಹೊತ್ತು ನಕ್ಕದ್ದೂ ಆಯಿತು. ಆದರೆ ಈ ಕಮಿಟ್‌ಮೆಂಟ್ ಎಂಬ ಪದ ಕೇಳಿದಾಗ ಈಗ ಮೈ ಉರಿಯುತ್ತದೆ. ಢಾಕಾ ಪಂದ್ಯಕ್ಕೆ ಮುಂಚೆ ಐಎಸ್‌ಎಲ್‌ನ ಕೊನೆಯ ಪಂದ್ಯ ನಡೆದಿದ್ದದ್ದು 2025ರ ಏಪ್ರಿಲ್ 12ಕ್ಕೆ. ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುತ್ತದೆ ಎಂಬುದು ಸಹಿ ಹಾಕಿದ 2010ರಿಂದಲೂ ಗೊತ್ತಿತ್ತು. ಹದಿನೈದು ವರ್ಷ ಮುಂಚೆ! ಆದರೂ ಜುಲೈ 11ಕ್ಕೆ ಲೀಗ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಹೇಳಿತು. ಲೀಗ್‌ನ ಹಕ್ಕಿಗೆ ಕರೆದ ಟೆಂಡರಿನ ಗಡುವು ನವೆಂಬರ್ 7ಕ್ಕೆ ಮುಗಿದಾಗ ಬಂದಿದ್ದ ಬಿಡ್‌ಗಳು ಸೊನ್ನೆ. ಹನ್ನೊಂದು ದಿನ ಬಿಟ್ಟು, ಮಧ್ಯೆ ಒಂದಿಷ್ಟು ಸೂಪರ್ ಕಪ್ ಪಂದ್ಯ ಬಿಟ್ಟರೆ ಆಟದ ಬಿಸಿಯೇ ಕಾಣದ ಕಾಲುಗಳನ್ನು ಹೊತ್ತು ಈ ಹುಡುಗರು ಢಾಕಾದಲ್ಲಿ ಇಳಿದರು. ಕಮಿಟ್‌ಮೆಂಟ್ ಇಲ್ಲದಿದ್ದುದು ಯಾರಿಗೆ, ಹೇಳಿ? ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತವರ ಅಂಗಿಗೆ ಮಣ್ಣು ಮೆತ್ತಿದೆಯೇ ಎಂದು ಒಬ್ಬರೂ ನೋಡಲಿಲ್ಲ.

ಸಂಬಳ ನಿಂತ ಅದೇ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಶಿಬಿರ ಬೆಂಗಳೂರಿನಲ್ಲೇ ನಡೆಯಿತು. ಹೊಸ ಕೋಚ್ ಖಾಲಿದ್ ಜಮೀಲ್, ಕೆಲವು ಆಟಗಾರರನ್ನು ಬಿಟ್ಟುಕೊಡಲೊಪ್ಪದ ಕೋಲ್ಕತ್ತದ ಕ್ಲಬ್ ಮೋಹನ್ ಬಾಗಾನ್, ಸಿಕ್ಕಿದವರನ್ನು ಕಟ್ಟಿಕೊಂಡು ತಜಕಿಸ್ತಾನಕ್ಕೆ ಪಯಣ. ಅಲ್ಲಿ ಮಧ್ಯ ಏಷ್ಯಾದ ಫುಟ್‌ಬಾಲ್ ಸಂಸ್ಥೆಯ ಟೂರ್ನಿ ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನದ ಪಂದ್ಯ ಒಮಾನ್ ಜೊತೆ 1-1 ಆಗಿ ಪೆನಾಲ್ಟಿಗೆ ಹೋಯಿತು. ಒಮಾನ್‌ನ ಕೊನೆಯ ಹೊಡೆತವನ್ನು ತಡೆದು ಗೆಲ್ಲಿಸಿದ್ದು ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು.

ಅಂದು ಸೋಮವಾರ.