ಪಾಪ, ಬಿಎಸ್ಸಿಗೆ ಹಾಕ್ಯಾರ

ಹೋದ ವಾರ ನಮ್ಮ ಕಡೆ ಒಂದು ಮದುವೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಚಿಗವ್ವ, ಅನ್ನ ಬಡಿಸುತ್ತಿದ್ದ ಹುಡುಗಿಯನ್ನು ಕಣ್ಣಲ್ಲೇ ತೋರಿಸಿ ದನಿ ತಗ್ಗಿಸಿದಳು: "ಛಲೋ ಓದತಿತ್ತ ಹುಡುಗಿ. ನೀಟ್ ಆಗಲಿಲ್ಲ. ಪಾಪ, ಬಿಎಸ್ಸಿಗೆ ಹಾಕ್ಯಾರ." ಯಾರದೋ ಕಾಲು ಮುರಿದ ಸುದ್ದಿ ಹೇಳಿದ ಹಾಗಿತ್ತು. ನಾನೂ ಅದೇ ಬಿಎಸ್ಸಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮಾಡಿದವಳು ಅನ್ನೋದು ಆಕೆಗೆ ಮರೆತಿತ್ತೋ, ನನ್ನನ್ನೂ ಸೇರಿಸಿಯೇ ಅಂದಳೋ ಗೊತ್ತಾಗಲಿಲ್ಲ. ಗೋಧಿ ಹುಗ್ಗಿ ರುಚಿಯಾಗಿತ್ತು, ಸುಮ್ಮನಿದ್ದೆ. ಈಗ ಬರೀತಿದ್ದೀನಿ.

ಆ ‘ಪಾಪ’ ಪೂರ್ತಿ ಸುಳ್ಳಲ್ಲ. ನಮ್ಮ ಮೊದಲ ವರ್ಷದ ಕ್ಲಾಸಿನಲ್ಲಿ ಸುಮಾರು ಜನ ಕೂತಿದ್ದೇ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ, ಇನ್ನೊಮ್ಮೆ ಎಂಟ್ರೆನ್ಸ್ ಬರೆದು ಹೋಗಿಬಿಡೋಣ ಅಂತ. ಉಳಿದವರು ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬಿಡಿಸುತ್ತಿದ್ದೆವು. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ನಾವು, ನಮ್ಮದು ನೋಡಿ ಮುಂದಿನವರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬರೆದವರು ಯಾರೂ ಇಲ್ಲ, ಯಾಕಂದ್ರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

ನನಗೆ ಬಾಟನಿ ತಲೆಗೆ ಹತ್ತಿದ್ದು ಕಾಲೇಜಿನಲ್ಲಿ ಅಲ್ಲ, ಹೊಲದಲ್ಲಿ. ನಮ್ಮದು ರಾಣೆಬೆನ್ನೂರು ಸೀಮೆ. ಇಲ್ಲಿ ಊರೂರಲ್ಲಿ ಹೈಬ್ರಿಡ್ ಬೀಜ ಮಾಡ್ತಾರೆ. ಅವ್ವ ವರ್ಷಗಟ್ಟಲೆ ಟೊಮೆಟೊ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡಿದವಳು. ನಾಳೆ ಅರಳೋ ಮೊಗ್ಗನ್ನು ಇವತ್ತೇ ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗ ತೆಗೀಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಗಿಡದಿಂದ ತಂದ ಹೂಪುಡಿ ಮುಟ್ಟಿಸಬೇಕು. ಮುಟ್ಟಿಸಿದ ಹೂವಿನ ಗುರುತಿಗೆ ಅದರ ಎರಡು ಹಸಿರು ಎಸಳು ಚಿವುಟಬೇಕು. ಸೆಕೆಂಡ್ ಪಿಯು ಪುಸ್ತಕದಲ್ಲಿ ಇದೇ ‘ಎಮಾಸ್ಕ್ಯುಲೇಷನ್’ ಅಂತ ಬಂದಾಗ, ಕನ್ನಡ ಮೀಡಿಯಮ್ಮಿನಿಂದ ಹೋದ ನಾನು ಸ್ಪೆಲ್ಲಿಂಗ್ ಬಾಯಿಪಾಠ ಮಾಡಿದೆ. ಅವ್ವನ ಕೆಲಸವೇ ಇದು ಅಂತ ಹೊಳೆದಿದ್ದು ಡಿಗ್ರಿ ಎರಡನೇ ವರ್ಷದಲ್ಲಿ, ರಜೆಗೆ ಆಕೆಯ ಜೊತೆ ಕೂಲಿಗೆ ಹೋದಾಗ. ಅವತ್ತು ನಗು ಬಂತು, ಆಮೇಲೆ ಸಿಟ್ಟೂ ಬಂತು.

ಈ ಕೆಲಸಕ್ಕೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಇದೆ. ಹಿರಿಯರು ಇವತ್ತಿಗೂ ನೆನೆಸೋ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂದದ್ದು. ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ಹತ್ತಿಯ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್ ಅದು. ಧಾರವಾಡದಲ್ಲೇ ಎಂಎಸ್ಸಿ ಮಾಡಿದ ನನಗೆ ಇದು ಗೊತ್ತಾಗಿದ್ದು ಒಬ್ಬ ರೈತರಿಂದ, ಯಾವ ಕ್ಲಾಸಿನಿಂದಲೂ ಅಲ್ಲ.

ಈಗ ನಾನು ಒಂದು ಬೀಜದ ಲ್ಯಾಬಿನಲ್ಲಿದ್ದೇನೆ. ರೈತರು ತಂದ ಬೀಜ ನಿಜವಾಗಿ ಕ್ರಾಸ್ ಆಗಿದೆಯೋ, ಸೆಲ್ಫ್ ಆಗಿದೆಯೋ, ಅಂದ್ರೆ ಹೂವಿನ ಸ್ವಂತ ಪುಡಿಯಿಂದಲೇ ಕಟ್ಟಿದೆಯೋ, ನೋಡೋದು ಕೆಲಸ. ಸಸಿಯ ಎಲೆಯಿಂದ ಡಿಎನ್ಎ ತೆಗೆದು, ಪಿಸಿಆರ್ ಮಾಡಿ (ಬೇಕಾದ ತುಣುಕಿನ ಲಕ್ಷಗಟ್ಟಲೆ ನಕಲು ತೆಗೆದು), ಜೆಲ್ಲಿನಲ್ಲಿ ಕರೆಂಟು ಹರಿಸಿ ಓಡಿಸಿದರೆ ಗೆರೆಗಳು ಕಾಣ್ತವೆ. ಅಪ್ಪ ಗಿಡದ್ದೊಂದು, ಅವ್ವ ಗಿಡದ್ದೊಂದು ಎರಡೂ ಗೆರೆ ಇದ್ದರೆ ಕ್ರಾಸ್. ಅವ್ವ ಗಿಡದ್ದೊಂದೇ ಇದ್ದರೆ ಸೆಲ್ಫ್. ಸೆಲ್ಫ್ ಜಾಸ್ತಿ ಬಂದ್ರೆ ಆ ಲಾಟೇ ಫೇಲು, ರೈತನ ಹಣ ಹೋಯ್ತು. ಫೇಲ್ ಅಂತ ಬರೆಯೋ ದಿನ ಊಟ ಸೇರೋದಿಲ್ಲ. ಒಮ್ಮೆ ಜೆಲ್ ಫೋಟೊ ಅವ್ವನಿಗೆ ತೋರಿಸಿದೆ. ಒಂದೇ ಗೆರೆ ಇದ್ದಲ್ಲಿ ಬೆರಳಿಟ್ಟು, "ಇದು ಮೊಗ್ಗು ಬಲಿತ ಮ್ಯಾಲ ಬಿಡಿಸ್ಯಾರ, ಒಳಗ ಪುಡಿ ಆಗಲೇ ಉದರಿತ್ತ" ಅಂದಳು. ಲ್ಯಾಬ್ ರಿಪೋರ್ಟಿನಲ್ಲಿ ಕಾರಣ ಬರೆಯೋ ಕಾಲಮ್ಮೇ ಇಲ್ಲ.

ಎಲ್ಲರಿಗೂ ಇದೇ ದಾರಿ ಅಂತಲ್ಲ. ನನ್ನ ಬ್ಯಾಚಿನ ಒಬ್ಬಳು ಬಿ.ಎಡ್ ಮಾಡಿ ಹೈಸ್ಕೂಲಿನಲ್ಲಿ ಸಿಬಿಜೆಡ್ ಟೀಚರ್. ಒಬ್ಬ ಔಷಧ ಕಂಪನಿಯಲ್ಲಿ ಶಿಫ್ಟ್ ಕೆಲಸ, ಇನ್ನೊಬ್ಬ ಬೆಂಗಳೂರಲ್ಲಿ ಮೆಡಿಕಲ್ ಕೋಡಿಂಗ್, ಅಂದ್ರೆ ರೋಗ, ಚಿಕಿತ್ಸೆಯ ವಿವರಕ್ಕೆ ಕೋಡ್ ಹಾಕೋ ಕೆಲಸ. ಒಬ್ಬ ಐಎಫ್ಎಸ್ ಅಂತ ಕೂತಿದ್ದಾನೆ. ಯುಪಿಎಸ್ಸಿಯ ಅರಣ್ಯ ಸೇವೆಗೆ ಬಾಟನಿ, ಜುವಾಲಜಿ ಓದಿದವರೂ ಬರೀಬಹುದು. ಡಿಗ್ರಿ ಒಂದೇ ಹಿಡಿದು ಹೋದರೆ ಸಂಬಳ ಕಡಿಮೆ, ಇದನ್ನು ಮುಚ್ಚಿಡಬಾರದು. ಲ್ಯಾಬ್ ಟೆಕ್ನಿಷಿಯನ್ ಆಗ್ತೀನಿ ಅಂದ್ರೆ ಅದಕ್ಕೆ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಬೇರೆಯೇ ಓದಬೇಕು. ಇದನ್ನು ಯಾರೂ ಮೊದಲೇ ಹೇಳೋದಿಲ್ಲ.

"ಜುವಾಲಜಿ ಓದಿ ಕಪ್ಪಿ ಹಿಡೀತಿ ಏನ?" ಅಂತ ನಗೋರಿದ್ದಾರೆ. ಹಿಡೀಲಿ ಬಿಡಿ. ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ಒಂದು ಕಪ್ಪೆ ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುತ್ತೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದ ಅಂತ ಜಗತ್ತಿಗೆ ತಿಳಿಸಿದರು. ವೈಜ್ಞಾನಿಕ ಹೆಸರಲ್ಲೇ ‘ಕುಂಬಾರ’ ಇದೆ. ಅಪ್ಪಟ ಕನ್ನಡದ ಪದ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತು ಇನ್ನೆರಡು ಅಕಾಡೆಮಿ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಜೊತೆ ಕೆಲಸ ಮಾಡೋಕೆ ಫೆಲೋಶಿಪ್ ಕೊಡ್ತಾವೆ, ದುಡ್ಡೂ ಕೊಡ್ತಾವೆ. ಡಿಗ್ರಿ ಹುಡುಗರೂ ಹಾಕಬಹುದು. ನಾನು ಓದಿದ ಕಾಲೇಜಿನಲ್ಲಿ ಆ ನೋಟಿಸು ಎಚ್‌ಒಡಿ ಟೇಬಲ್ ಗಾಜಿನ ಕೆಳಗಿತ್ತು. ನಾನು ಅದನ್ನು ಓದಿದ್ದು ಕೊನೇ ಸೆಮ್ಮಿನಲ್ಲಿ, ಹಾಲ್ ಟಿಕೆಟ್ಟಿಗೆ ಸಹಿ ಹಾಕಿಸೋಕೆ ಹೋದಾಗ. ಡಿಗ್ರಿ ಆದವರು ಬರೆಯೋ ಐಐಟಿಗಳ ಜ್ಯಾಮ್ ಎಂಟ್ರೆನ್ಸಿನ ಮೂಲಕ ಐಐಎಸ್ಸಿಯಲ್ಲಿ ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌ಡಿ ನೇರ ಸೇರಬಹುದು ಅನ್ನೋದು ತಿಳಿಯೋ ಹೊತ್ತಿಗೆ ಎಂಎಸ್ಸಿಯ ಅರ್ಧ ಮುಗಿದಿತ್ತು. ನಡುವೆ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಿಂದ ಮತ್ತೆ ಮೂರು ವರ್ಷ. ಪಠ್ಯ ಎಷ್ಟು ಸಲ ಬದಲಾದರೂ ಆ ಟೇಬಲ್ ಗಾಜು ಮಾತ್ರ ಎತ್ತಿದವರಿಲ್ಲ.

ಕೈ ತೊಳೆಯೋ ಹತ್ತಿರ ಆ ಹುಡುಗಿಯನ್ನು ನಿಲ್ಲಿಸಿ ಇಷ್ಟೂ ಹೇಳಿದೆ. ಫೋನಿನಲ್ಲಿ ಬರಕೊಂಡಳು. ಎಂಎಸ್ಸಿ ಆದವರು ಬರೆಯೋ ಎನ್‌ಇಟಿ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಪಿಎಚ್‌ಡಿ ಮಾಡೋವಾಗ ತಿಂಗಳಿಗೆ 37,000 ರೂಪಾಯಿ ಕೊಡ್ತಾರೆ ಅಂದಾಗ ಹಿಂದೆ ನಿಂತಿದ್ದ ಚಿಗವ್ವ, "ಓದಾಕ ರೊಕ್ಕ ಕೊಡ್ತಾರ? ಮತ್ತ ನಿನ್ನ ಪಗಾರ ಎಷ್ಟs?" ಅಂದಳು. ಹೇಳಿದೆ. ಅದಕ್ಕೂ ಪಾಪ ಅಂದಳೋ ಏನೋ, ಬ್ಯಾಂಡಿನ ಸಪ್ಪಳದಾಗ ಕೇಳಿಸಲಿಲ್ಲ.