ಕಾಲಿಗೆ ಅಮಲೇರಿರಲಿಲ್ಲ

ನಿನ್ನೆ ನಾಟಕ ಮುಗಿಸಿ ಹೊರಗೆ ಬರುವಾಗ ಹಿಂದಿನಿಂದ ಒಂದು ಮಾತು ಕಿವಿಗೆ ಬಿತ್ತು. "ಹಾಸ್ಯಪಾತ್ರ ತಾನೇ, ಯಾರು ಬೇಕಾದ್ರೂ ಮಾಡ್ತಾರೆ." ಮನೆಗೆ ಬಂದರೂ ಅದೇ ಕೊರೆಯುತ್ತಿದೆ. ಯಾರು ಬೇಕಾದರೂ ಮಾಡುತ್ತಾರಾ?

ಫ್ರೆಂಚ್ ಹಾಸ್ಯನಟ ಪ್ರೇವಿಲ್ ಬಗ್ಗೆ ನಾನು ಆಗಾಗ ಹೇಳುತ್ತಿರುತ್ತೇನೆ. 1721ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವನು. ಊರೂರು ತಿರುಗಿ ನಾಟಕ ಆಡಿ ಪಳಗಿ, 1753ರಲ್ಲಿ ಪ್ಯಾರಿಸ್‌ನ ಹೆಸರಾಂತ ನಾಟಕ ಮಂಡಳಿ ಕೊಮೆದಿ ಫ್ರಾಂಸೇಸ್ ಸೇರಿದ. ಬೂರ್ಸೋ ಬರೆದ 'ಮರ್ಕ್ಯೂರ್ ಗಲಾಂ' ನಾಟಕದಲ್ಲಿ ಒಬ್ಬನೇ ಹಲವು ಪಾತ್ರ ಮಾಡುತ್ತಿದ್ದ. ಅದರಲ್ಲೊಂದು ಲಾ ರಿಸೋಲ್ ಎಂಬ ಕುಡುಕ ಸಿಪಾಯಿ. ಬಹುವಚನ ಹೇಳಲು ಹೋಗಿ ಎಡವುತ್ತಾನೆ. ಎದುರಿಗಿದ್ದವನು ತಿದ್ದುತ್ತಾನೆ. ಸಿಪಾಯಿ ಅದೇ ನಿಯಮವನ್ನು ಮುಂದಿನ ಪದಕ್ಕೆ ಹಚ್ಚುತ್ತಾನೆ, ಅದೂ ತಪ್ಪು! ನಾಲಿಗೆ ಒಂದು ಚೂರು ಜಾಸ್ತಿ ಹೊರಳಿದರೂ ನಗು ಸತ್ತುಹೋಗುತ್ತದೆ.

ಇಂಗ್ಲೆಂಡಿನ ಮಹಾನಟ ಗ್ಯಾರಿಕ್ ಇವನ ಗೆಳೆಯ. ಒಮ್ಮೆ ಇಬ್ಬರೂ ಕುದುರೆ ಮೇಲೆ ಹೋಗುವಾಗ ಪ್ರೇವಿಲ್ ಕುಡುಕ ಸವಾರನಂತೆ ನಟಿಸಿ ತೋರಿಸಿದನಂತೆ. ಗ್ಯಾರಿಕ್ ಮನಸಾರೆ ಹೊಗಳಿದ. ಆಮೇಲೆ, ನಿನ್ನ ಕಾಲಿಗೆ ಮಾತ್ರ ಅಮಲೇರಿರಲಿಲ್ಲ ಅಂದನಂತೆ. ಹಾಸ್ಯ ಅಂದರೆ ಇಷ್ಟು ಕಷ್ಟ. ಮುಖ ಒಂದೇ ಸಾಲದು, ಕಾಲೂ ನಟಿಸಬೇಕು.

ಗಂಭೀರ ನಾಟಕದ ಆಳ ಹಾಸ್ಯಕ್ಕಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1775ರಲ್ಲಿ ಫ್ರೆಂಚ್ ನಾಟಕಕಾರ ಬೋಮಾರ್ಶೆಯ ಹಾಸ್ಯನಾಟಕ 'ಸೆವಿಲ್ಲಾದ ಕ್ಷೌರಿಕ' ಮೊದಲ ದಿನ ಬಿದ್ದುಹೋಯಿತು. ಅವನು ಐದು ಅಂಕವನ್ನು ನಾಲ್ಕಕ್ಕಿಳಿಸಿದ. ಮೂರೇ ದಿನದಲ್ಲಿ ನಟರು ಮತ್ತೆ ರಂಗಕ್ಕೆ ಬಂದರು, ನಾಟಕ ಗೆದ್ದಿತು. ರಂಗದ ಮೇಲೆ ಮೊತ್ತಮೊದಲ ಫಿಗಾರೋ ಆದವನು ಇದೇ ಪ್ರೇವಿಲ್. ತನ್ನ ಹಳೆಯ ದೊರೆಯ ಮಾತಿಗೆ ತಿರುಗಿ ಮಾತಾಡುವ ಕ್ಷೌರಿಕ ಈ ಫಿಗಾರೋ. ಆಳ ಇಲ್ಲವಾ?

1784ರಲ್ಲಿ ಅದರ ಮುಂದಿನ ಕಥೆ, ಬೋಮಾರ್ಶೆಯದೇ 'ಫಿಗಾರೋನ ಮದುವೆ' ಬಂತು. ಪ್ರೇವಿಲ್‌ಗೆ ಆಗಲೇ ಅರವತ್ತು ದಾಟಿತ್ತು. ಫಿಗಾರೋ ಪಾತ್ರ ಚಿಕ್ಕ ವಯಸ್ಸಿನ ನಟ ದಾಜಿನ್‌ಕೂರ್‌ಗೆ ಹೋಯಿತು. ಪ್ರೇವಿಲ್ ತೊದಲುವ ನ್ಯಾಯಾಧೀಶ ಬ್ರಿದ್ವಾಸೋನ್ ಆದ. ಅದು ಸಣ್ಣ ಪಾತ್ರ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಪ್ಪ ಜಾತ್ರೆ ನಾಟಕದಲ್ಲಿ ತೊದಲುವ ಶಾನುಭೋಗರ ಪಾತ್ರ ಮಾಡುತ್ತಿದ್ದರು. ಶಾಲೆಯಲ್ಲಿ ಹುಡುಗರು ಅಣಕಿಸುತ್ತಿದ್ದರು. "ಅಪ್ಪಾ, ಆ ಪಾತ್ರ ಬೇಡ" ಅಂತ ಅತ್ತಿದ್ದೆ. ಅವರು ಏನೂ ಹೇಳಲಿಲ್ಲ. ಆ ರಾತ್ರಿ ಕೊಟ್ಟಿಗೆಯಿಂದ ಅವರ ದನಿ ಕೇಳುತ್ತಿತ್ತು. ಒಂದೇ ಸಾಲು, ಮತ್ತೆ ಮತ್ತೆ. ಪ್ರತಿ ಸಲವೂ ಬೇರೆ ಅಕ್ಷರದ ಮೇಲೆ ತೊದಲಿ ನೋಡುತ್ತಿದ್ದರು.